ಮನೆಬಾಗಿಲಿಗೆ ಹೋಗದ ಗಣತಿ

2008ರ ನವೆಂಬರ್‌ನಲ್ಲಿ ಗೂಗಲ್ ಸಂಸ್ಥೆ ಅಮೆರಿಕದ ಜನರ ಮುಂದೆ ಒಂದು ನಕ್ಷೆಯನ್ನಿಟ್ಟಿತು. ಯಾವ ರಾಜ್ಯದಲ್ಲಿ ಫ್ಲೂ ಜ್ವರ ಎಷ್ಟು ಹರಡಿದೆ ಎಂಬುದನ್ನು ಆ ನಕ್ಷೆ ತೋರಿಸುತ್ತಿತ್ತು, ದಿನದಿನವೂ ಹೊಸದಾಗುತ್ತಿತ್ತು. ಅಲ್ಲಿಯವರೆಗೆ ಈ ಲೆಕ್ಕ ಇಡುತ್ತಿದ್ದದ್ದು ಅಲ್ಲಿನ ಸರ್ಕಾರದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ. ಊರೂರಿನ ವೈದ್ಯರು ತಮ್ಮಲ್ಲಿಗೆ ಬಂದ ರೋಗಿಗಳ ವರದಿ ಕಳಿಸಿ, ಅದನ್ನೆಲ್ಲ ಕೂಡಿಸಿ, ತಾಳೆ ನೋಡಿ ಪ್ರಕಟಿಸುವಷ್ಟರಲ್ಲಿ ಒಂದೆರಡು ವಾರ ಕಳೆದುಹೋಗುತ್ತಿತ್ತು. ಗೂಗಲ್‌ಗೆ ಸಾಕಾದದ್ದು ಒಂದೇ ದಿನ. ಮೈ ಬಿಸಿಯಾದವರು ಡಾಕ್ಟರ ಹತ್ತಿರ ಹೋಗುವ ಮೊದಲೇ ಗೂಗಲ್‌ನಲ್ಲಿ ಏನನ್ನೋ ಹುಡುಕಿರುತ್ತಾರೆ ಎಂಬ ಸರಳ ಊಹೆಯೇ ಅದರ ಬುನಾದಿ. ಯಾವ ಹುಡುಕಾಟ ಜ್ವರದ್ದು, ಯಾವುದು ಅಲ್ಲ ಎಂದು ಮೊದಲೇ ತೀರ್ಮಾನಿಸದೆ, ಆ ತಂಡ ಜನ ಹೆಚ್ಚಾಗಿ ಹುಡುಕಿದ 5 ಕೋಟಿ ಪದಗುಚ್ಛಗಳನ್ನು ಸಿಡಿಸಿಯ ಹಳೆಯ ಅಂಕಿಗಳ ಪಕ್ಕ ಇಟ್ಟಿತು; 45 ಕೋಟಿ ಬಗೆಯ ಲೆಕ್ಕಗಳನ್ನು ಯಂತ್ರದಿಂದ ಹಾಕಿಸಿತು; ಕೊನೆಗೆ 45 ಪದಗುಚ್ಛಗಳನ್ನು ಆರಿಸಿಕೊಂಡಿತು. ನೇಚರ್ ಪತ್ರಿಕೆಯಲ್ಲಿ ಇದರ ಪ್ರಬಂಧ ಬಂದಾಗ ವಿದ್ವತ್ ವಲಯದಲ್ಲಿ ಎದ್ದ ಹುರುಪು ಬರೀ ಜ್ವರದ ಲೆಕ್ಕಕ್ಕೆ ಸಂಬಂಧಿಸಿದ್ದಾಗಿರಲಿಲ್ಲ. ಯಾರ ಮನೆಬಾಗಿಲನ್ನೂ ತಟ್ಟದೆ, ಯಾರಿಗೂ ಒಂದು ಪ್ರಶ್ನೆ ಕೇಳದೆ, ಇಡೀ ಸಮಾಜದ ನಾಡಿ ಹಿಡಿಯಬಹುದು ಎಂಬ ಆಸೆ ಅದರ ಹಿಂದಿತ್ತು.

ಅಲ್ಲಿಂದ 2023ರವರೆಗಿನ ಹದಿನೈದು ವರ್ಷಗಳನ್ನು ಸಮಾಜ ಅಧ್ಯಯನದ ಚರಿತ್ರೆಯಲ್ಲಿ ಒಂದು ಪ್ರತ್ಯೇಕ ಯುಗ ಎಂದೇ ಕರೆಯಬೇಕು. ಈ ಯುಗದ ಗೆಲುವು ಸೋಲುಗಳನ್ನು ಒಂದೊಂದಾಗಿ ಎದುರಿಗಿಟ್ಟುಕೊಂಡು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಜಾಲತಾಣಗಳ ಡೇಟಾ ಸಮಾಜದ ಬಗ್ಗೆ ನಿಜ ಹೇಳಿದಾಗಲೆಲ್ಲ ಅದರ ಬೆನ್ನಿಗೆ ಹಳೆಯ ಕಾಲದ ಒಂದು ನಿಧಾನದ ಲೆಕ್ಕ ನಿಂತಿತ್ತು: ಆಸ್ಪತ್ರೆಯ ವರದಿಯೋ, ಮತದಾರರ ದಾಖಲೆಯೋ, ತೆರಿಗೆಯ ಕಡತವೋ, ಮನೆಮನೆ ಸಮೀಕ್ಷೆಯೋ. ಆ ಆಸರೆಯನ್ನು ಬಿಟ್ಟು ತಾನೇ ನಿಲ್ಲಲು ಹೋದಾಗ ಅದು ತಪ್ಪಿತು, ತಪ್ಪಿದ್ದು ಗೊತ್ತಾಗುವುದಕ್ಕೂ ಆ ನಿಧಾನದ ಲೆಕ್ಕವೇ ಬೇಕಾಯಿತು. ವೆಬ್ ಬಂದ ಮೇಲೆ ಗಣತಿ, ಸಮೀಕ್ಷೆಗಳ ಕಾಲ ಮುಗಿಯಿತು ಎನ್ನುವವರು ಈ ಚರಿತ್ರೆಯನ್ನು ಅರ್ಧ ಮಾತ್ರ ಓದಿದ್ದಾರೆ.

ಆ ದಿನಗಳ ಉತ್ಸಾಹ ಎಂಥದ್ದು ಎಂಬುದನ್ನು ಈಗ ನೆನೆಸಿಕೊಳ್ಳುವುದೂ ಕಷ್ಟ. ಗೂಗಲ್‌ನ ನಕ್ಷೆ ಬರುವ ಕೆಲವೇ ತಿಂಗಳ ಮುಂಚೆ, 2008ರ ಜೂನ್‌ನಲ್ಲಿ, ವೈರ್ಡ್ ಪತ್ರಿಕೆಯ ಸಂಪಾದಕ ಕ್ರಿಸ್ ಆಂಡರ್ಸನ್, ಇಷ್ಟೊಂದು ಡೇಟಾ ಕೈಯಲ್ಲಿರುವಾಗ ಸಿದ್ಧಾಂತಗಳ ಅಗತ್ಯವೇ ಮುಗಿಯಿತು ಎಂದು ಬರೆದಿದ್ದರು. 2009ರ ಫೆಬ್ರುವರಿಯಲ್ಲಿ ಡೇವಿಡ್ ಲೇಜರ್ ಮತ್ತವರ 14 ಮಂದಿ ಸಹಲೇಖಕರು ಸೈನ್ಸ್ ಪತ್ರಿಕೆಯಲ್ಲಿ ಕಂಪ್ಯೂಟರ್ ಆಧಾರಿತ ಸಮಾಜವಿಜ್ಞಾನ ಎಂಬ ಹೊಸ ಶಾಖೆಯ ಹುಟ್ಟನ್ನು ಸಾರಿದರು. ಅವರದು ಆಂಡರ್ಸನ್ ಅವರಂಥ ಅವಸರದ ಮಾತಲ್ಲ. ಈ ವಿದ್ಯೆ ಖಾಸಗಿ ಕಂಪನಿಗಳ ಮತ್ತು ಸರ್ಕಾರಿ ಗುಪ್ತ ಸಂಸ್ಥೆಗಳ ಸೊತ್ತಾಗಿಬಿಡಬಹುದು ಎಂಬ ಎಚ್ಚರಿಕೆ ಅದೇ ಪ್ರಬಂಧದಲ್ಲಿತ್ತು. ಓದಿದವರು ಆ ಭಾಗವನ್ನು ಬೇಗ ಮರೆತರು. 2010ರ ಏಪ್ರಿಲ್‌ನಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, 2006ರಿಂದ ಬಂದ ಎಲ್ಲ ಸಾರ್ವಜನಿಕ ಟ್ವೀಟ್‌ಗಳನ್ನೂ ಸಂಗ್ರಹಿಸಿಡುತ್ತೇವೆ ಎಂದು ಘೋಷಿಸಿತು. ಸಾಮಾನ್ಯ ಜನರ ದಿನನಿತ್ಯದ ಮಾತು ರಾಜಪತ್ರಗಳ ಪಕ್ಕದ ಕಪಾಟಿಗೆ ಬಂದು ಕೂರುವುದು ಚರಿತ್ರೆಕಾರರಿಗೆ ಸಣ್ಣ ಸಂಗತಿಯಲ್ಲ. 2017ರ ಕೊನೆಗೆ ಆ ಗ್ರಂಥಾಲಯ, ಇನ್ನು ಮುಂದೆ ಎಲ್ಲವನ್ನೂ ಕೂಡಿಡಲಾಗದು, ಆಯ್ದದ್ದನ್ನು ಮಾತ್ರ ಇಡುತ್ತೇವೆ ಎಂದು ಹಿಂದೆ ಸರಿಯಿತು.

ಮೊದಲ ಪರೀಕ್ಷೆ ಎದುರಾದದ್ದು ಜರ್ಮನಿಯಲ್ಲಿ. 2009ರ ಸೆಪ್ಟೆಂಬರ್‌ನ ಸಂಸತ್ ಚುನಾವಣೆಗೆ ಮುನ್ನ ಬಂದ ಸುಮಾರು ಒಂದು ಲಕ್ಷ ಟ್ವೀಟ್‌ಗಳನ್ನು ಕಲೆಹಾಕಿದ ಸಂಶೋಧಕರ ತಂಡವೊಂದು, ಯಾವ ಪಕ್ಷದ ಹೆಸರು ಎಷ್ಟು ಸಲ ಬಂತು ಎಂದು ಎಣಿಸಿದರೆ ಸಾಕು, ಅದು ಮತಗಳ ಪ್ರಮಾಣಕ್ಕೆ ಬಹುತೇಕ ಹೊಂದುತ್ತದೆ ಎಂದು 2010ರಲ್ಲಿ ಪ್ರಕಟಿಸಿತು. ಚುನಾವಣಾ ಸಮೀಕ್ಷೆಗೆ ಸುರಿಯುವ ಹಣವೆಲ್ಲ ದಂಡ ಎಂಬ ಭಾವನೆ ಹರಡುವುದಕ್ಕೆ ಅಷ್ಟು ಸಾಕಾಯಿತು. ಆಂಡ್ರಿಯಾಸ್ ಯುಂಗೆರ್ ಮತ್ತು ಸಂಗಡಿಗರು ಅದೇ ಲೆಕ್ಕವನ್ನು ಮತ್ತೆ ಹಾಕಿ ನೋಡಿದರು. ಮೊದಲ ತಂಡ ಎಣಿಸಿದ್ದು ಆಗಲೇ ಸಂಸತ್ತಿನಲ್ಲಿದ್ದ ಆರು ಪಕ್ಷಗಳನ್ನು ಮಾತ್ರ. ಇಂಟರ್ನೆಟ್ ಸ್ವಾತಂತ್ರ್ಯವನ್ನೇ ಧ್ಯೇಯ ಮಾಡಿಕೊಂಡಿದ್ದ, ಹುಡುಗರೇ ತುಂಬಿದ್ದ ಪೈರೇಟ್ ಪಾರ್ಟಿಯನ್ನೂ ಎಣಿಕೆಗೆ ಸೇರಿಸಿದರೆ ಟ್ವಿಟರ್‌ನ ಪ್ರಕಾರ ಗೆಲ್ಲಬೇಕಾದದ್ದು ಆ ಪಕ್ಷವೇ. ಮತಪೆಟ್ಟಿಗೆಯಲ್ಲಿ ಅದಕ್ಕೆ ಬಿದ್ದದ್ದು ಶೇ 2. ಎಣಿಸುವ ದಿನಗಳನ್ನು ಸ್ವಲ್ಪ ಹಿಂದೆ ಮುಂದೆ ಸರಿಸಿದರೂ ಫಲಿತಾಂಶ ಬದಲಾಗುತ್ತಿತ್ತು. ಅಂದರೆ ಮೊದಲ ತಂಡದ ಉತ್ತರ ಸರಿಬಂದದ್ದಕ್ಕೆ ಕಾರಣ ಟ್ವೀಟ್‌ಗಳಲ್ಲ; ಯಾವ ಪಕ್ಷಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದನ್ನು ಹಿಂದಿನ ಚುನಾವಣೆಯ ಮತಪತ್ರಗಳೇ ತೀರ್ಮಾನಿಸಿಕೊಟ್ಟಿದ್ದವು.

ಇದು ಹೊಸ ಪಾಠವೂ ಅಲ್ಲ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಒಂದು ಕೋಟಿ ಜನರಿಗೆ ಮಾದರಿ ಮತಪತ್ರ ಕಳಿಸಿ, ಮರಳಿ ಬಂದ 23 ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಎಣಿಸಿ, ಅಧ್ಯಕ್ಷ ಚುನಾವಣೆಯಲ್ಲಿ ಆಲ್ಫ್ ಲ್ಯಾಂಡನ್ ಶೇ 57 ಮತ ಪಡೆದು ಗೆಲ್ಲುತ್ತಾರೆ ಎಂದಿತು. ಅವರ ಎದುರಾಳಿ ರೂಸ್ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಪತ್ರಿಕೆಯವರು ವಿಳಾಸ ಆರಿಸಿಕೊಂಡದ್ದು ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿಯಂಥ ಪಟ್ಟಿಗಳಿಂದ. ಮಹಾ ಆರ್ಥಿಕ ಕುಸಿತದ ಆ ಕಾಲದಲ್ಲಿ ಫೋನು, ಕಾರು ಇದ್ದವರು ಯಾರು ಎಂದು ಬಿಡಿಸಿ ಹೇಳಬೇಕಿಲ್ಲ. ಜೊತೆಗೆ, ಉತ್ತರ ಬರೆದು ಅಂಚೆಗೆ ಹಾಕುವ ಉಮೇದು ರೂಸ್ವೆಲ್ಟ್ ವಿರೋಧಿಗಳಲ್ಲೇ ಹೆಚ್ಚಿತ್ತು. ಸುಮಾರು 50 ಸಾವಿರ ಜನರನ್ನು ಎಚ್ಚರಿಕೆಯಿಂದ ಆರಿಸಿ ಕೇಳಿದ ಜಾರ್ಜ್ ಗ್ಯಾಲಪ್ ಅವರ ಲೆಕ್ಕ ಸರಿಹೋಯಿತು. ಸಂಖ್ಯೆ ದೊಡ್ಡದಾದಷ್ಟೂ ನಿಜ ಹತ್ತಿರವಾಗುತ್ತದೆ ಎಂಬ ನಂಬಿಕೆ ಅಂದೇ ಬಿದ್ದುಹೋಗಿತ್ತು. ಆದರೂ ಎಪ್ಪತ್ತು ವರ್ಷಗಳ ನಂತರ, ಲಕ್ಷದ ಜಾಗದಲ್ಲಿ ಕೋಟಿ ಕಂಡಾಗ, ಆ ನಂಬಿಕೆ ಮತ್ತೆ ಎದ್ದು ನಿಂತಿತು.

ಗೂಗಲ್‌ನ ಜ್ವರದ ನಕ್ಷೆ ಎಡವಿದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 2009ರ ವಸಂತದಲ್ಲಿ ಎಚ್1ಎನ್1 ಹಬ್ಬಿದಾಗ ಅದು ಕಡಿಮೆ ತೋರಿಸಿತು. ಮಾಮೂಲಿ ಚಳಿಗಾಲದ ಜ್ವರದ ಮೇಲೆ ಪಳಗಿದ ಲೆಕ್ಕಕ್ಕೆ ಕಾಲವಲ್ಲದ ಕಾಲದಲ್ಲಿ ಬಂದ ಜ್ವರ ಕಾಣಲಿಲ್ಲ. ತಿದ್ದುಪಡಿ ಆಯಿತು. 2012–13ರ ಚಳಿಗಾಲದಲ್ಲಿ ಅದು ಸಿಡಿಸಿಯ ಅಂಕಿಗಿಂತ ಸುಮಾರು ಎರಡು ಪಟ್ಟು ತೋರಿಸಿತು. ಮೊದಲು ಈ ಶಾಖೆಯ ಹುಟ್ಟನ್ನು ಸಾರಿದ ಅದೇ ಲೇಜರ್, ರಯಾನ್ ಕೆನಡಿ, ಗ್ಯಾರಿ ಕಿಂಗ್, ಅಲೆಸ್ಸಾಂಡ್ರೊ ವೆಸ್ಪಿನ್ಯಾನಿ ಅವರೊಂದಿಗೆ ಸೇರಿ 2014ರ ಮಾರ್ಚ್‌ನಲ್ಲಿ ಇದರ ಒಳಹೊರಗನ್ನು ಬಿಚ್ಚಿಟ್ಟರು. 2011ರ ಆಗಸ್ಟ್‌ನಿಂದ ಎಣಿಸಿದ 108 ವಾರಗಳಲ್ಲಿ 100 ವಾರ ನಕ್ಷೆ ಅತಿಯಾಗಿ ಹೇಳಿತ್ತು. ಕಾರಣಗಳಲ್ಲಿ ಒಂದು ಹುಟ್ಟಿನಿಂದಲೇ ಬಂದದ್ದು. 5 ಕೋಟಿ ಪದಗಳನ್ನು ಬೆರಳೆಣಿಕೆಯ ವರ್ಷಗಳ ಅಂಕಿಗಳಿಗೆ ಹೊಂದಿಸಲು ಹೋದರೆ, ಜ್ವರಕ್ಕೆ ಸಂಬಂಧವೇ ಇಲ್ಲದ ಎಷ್ಟೋ ಪದಗಳು ಜ್ವರದ ಜೊತೆಜೊತೆಗೇ ಏರಿ ಇಳಿಯುತ್ತವೆ. ಅಮೆರಿಕದಲ್ಲಿ ಹೈಸ್ಕೂಲ್ ಬಾಸ್ಕೆಟ್‌ಬಾಲ್ ಪಂದ್ಯಗಳು ನಡೆಯುವುದೂ ಚಳಿಗಾಲದಲ್ಲೇ. ಆ ಹುಡುಕಾಟಗಳನ್ನು ತಂಡದವರು ಕೈಯಾರೆ ತೆಗೆದುಹಾಕಬೇಕಾಗಿ ಬಂದಿತ್ತು. ಕಣ್ಣಿಗೆ ಬಿದ್ದವು ಹೋದವು, ಬೀಳದವು ಒಳಗೇ ಉಳಿದವು. ಇನ್ನೊಂದು ಕಾರಣ ಇನ್ನೂ ಆಳದ್ದು. ಗೂಗಲ್ ತನ್ನ ಹುಡುಕುಯಂತ್ರವನ್ನು ನಿತ್ಯ ಬದಲಾಯಿಸುತ್ತದೆ. ಒಂದನ್ನು ಹುಡುಕಿದವರಿಗೆ ಸಂಬಂಧಪಟ್ಟ ಇನ್ನೊಂದನ್ನು ಸೂಚಿಸುವುದು, ಕೆಮ್ಮು ಜ್ವರ ಎಂದು ಹುಡುಕಿದವರಿಗೆ ಇಂಥ ಕಾಯಿಲೆ ಇರಬಹುದು ಎಂದು ತೋರಿಸುವುದು ಶುರುವಾದ ಮೇಲೆ, ಜ್ವರದ ಹುಡುಕಾಟಗಳನ್ನು ಹೆಚ್ಚಿಸುತ್ತಿದ್ದದ್ದು ವೈರಸ್ ಮಾತ್ರವಲ್ಲ, ಗೂಗಲ್ ಕೂಡ. ಅಳೆಯುವ ಕೋಲೇ ಅಳತೆಗೆ ಸಿಕ್ಕ ವಸ್ತುವನ್ನು ಉದ್ದ ಮಾಡುತ್ತಿತ್ತು. ಎಲ್ಲಕ್ಕಿಂತ ನೋವಿನ ಮಾತೆಂದರೆ, ಸಿಡಿಸಿಯ ಎರಡು ಮೂರು ವಾರ ಹಳೆಯ ಅಂಕಿಗಳನ್ನೇ ಹಿಡಿದು ಸರಳವಾಗಿ ಮುಂದಕ್ಕೆ ಎಳೆದಿದ್ದರೂ ಇದಕ್ಕಿಂತ ಸರಿಯಾದ ಉತ್ತರ ಬರುತ್ತಿತ್ತು. ಎರಡನ್ನೂ ಬೆಸೆದಾಗ ಮಾತ್ರ ಪ್ರತ್ಯೇಕವಾಗಿ ಯಾವುದಕ್ಕೂ ಸಿಗದ ನಿಖರತೆ ಸಿಕ್ಕಿತು. 2015ರ ಆಗಸ್ಟ್‌ನಲ್ಲಿ ಗೂಗಲ್ ಈ ಅಂದಾಜುಗಳ ಪ್ರಕಟಣೆಯನ್ನು ನಿಲ್ಲಿಸಿತು. ಭಾರತವೂ ಸೇರಿದಂತೆ ಐದು ದೇಶಗಳಿಗೆ 2011ರಲ್ಲಿ ಆರಂಭಿಸಿದ್ದ ಡೆಂಗಿ ನಕ್ಷೆಯೂ ಅದರೊಂದಿಗೇ ಹೋಯಿತು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ. ಗಣತಿದಾರ ಬಂದು ಕೇಳಿದಾಗ ಜನ ನಿಜ ಹೇಳುತ್ತಾರೆಯೇ? ಸಾಲ, ಕುಡಿತ, ಜಾತಿದ್ವೇಷ ಇವುಗಳ ಬಗ್ಗೆ ಎದುರಿಗೆ ಕೂತವರಿಗೆ ಹೇಳದ್ದನ್ನು ಮನುಷ್ಯ ರಾತ್ರಿ ಒಬ್ಬನೇ ಹುಡುಕುಪೆಟ್ಟಿಗೆಯಲ್ಲಿ ಟೈಪ್ ಮಾಡುತ್ತಾನೆ. ಸೆತ್ ಸ್ಟೀಫನ್ಸ್-ಡೇವಿಡೊವಿಟ್ಸ್ ಎಂಬ ಅರ್ಥಶಾಸ್ತ್ರಜ್ಞ ಇದನ್ನೇ ಹಿಡಿದು, ಕಪ್ಪು ಜನರನ್ನು ಹೀಯಾಳಿಸುವ ಹುಡುಕಾಟಗಳು ಹೆಚ್ಚಿದ್ದ ಪ್ರದೇಶಗಳಲ್ಲಿ ಬರಾಕ್ ಒಬಾಮ ಅವರಿಗೆ ಮತ ಕಡಿಮೆ ಬಿತ್ತೆಂದೂ, 2008ರಲ್ಲಿ ದೇಶದ ಒಟ್ಟು ಮತದಲ್ಲಿ ಈ ದ್ವೇಷ ಕಸಿದುಕೊಂಡದ್ದು ಸುಮಾರು ಶೇ 4 ಎಂದೂ ತೋರಿಸಿದರು. ಸಮೀಕ್ಷೆಗಳಲ್ಲಿ ಕಾಣದ ದ್ವೇಷ ಇಲ್ಲಿ ಬಯಲಾಯಿತು. ಇದು ಈ ಯುಗದ ನಿಜವಾದ ಕೊಡುಗೆ, ಯಾರೂ ಅಲ್ಲಗಳೆಯಬಾರದು. ಆದರೆ ಬಯಲಾದದ್ದು ಹೇಗೆ? 2004ರಲ್ಲಿ ಅದೇ ಪ್ರದೇಶಗಳಲ್ಲಿ ಅದೇ ಪಕ್ಷದ ಜಾನ್ ಕೆರಿ ಅವರಿಗೆ ಬಿದ್ದ ಮತಗಳ ಅಧಿಕೃತ ಎಣಿಕೆಯ ಪಕ್ಕ ಇಟ್ಟಾಗ. ಮತಎಣಿಕೆ ಇಲ್ಲದಿದ್ದರೆ ಕೈಯಲ್ಲಿ ಉಳಿಯುತ್ತಿದ್ದದ್ದು ಹೊಲಸು ಮಾತುಗಳ ಒಂದು ಪಟ್ಟಿ ಅಷ್ಟೆ. ಇನ್ನು, ಜಾಲತಾಣದಲ್ಲಿ ಜನ ಸುಳ್ಳಾಡುವುದಿಲ್ಲ ಎಂಬುದೂ ನಿಜವಲ್ಲ. 2010ರ ನವೆಂಬರ್ 2ರಂದು, ಅಮೆರಿಕದ ಸಂಸತ್ ಚುನಾವಣೆಯ ದಿನ, ಫೇಸ್‌ಬುಕ್ 6.1 ಕೋಟಿ ಜನರ ಮೇಲೆ ಒಂದು ಪ್ರಯೋಗ ಮಾಡಿತು. ಮತ ಹಾಕಿ ಎಂಬ ಸಂದೇಶದ ಜೊತೆ, ಮತ ಹಾಕಿದ ಗೆಳೆಯರ ಮುಖಗಳನ್ನೂ ತೋರಿಸಿದರೆ ಏನಾಗುತ್ತದೆ ಎಂಬುದು ಪ್ರಶ್ನೆ. ಮುಖ ಕಂಡವರಲ್ಲಿ, ನಾನು ಮತ ಹಾಕಿದೆ ಎಂಬ ಗುಂಡಿ ಒತ್ತಿದವರು ಶೇ 2ರಷ್ಟು ಹೆಚ್ಚಾದರು. ಸಂಶೋಧಕರು ಅಲ್ಲಿಗೇ ನಿಲ್ಲದೆ ಸರ್ಕಾರದ ಮತದಾನ ದಾಖಲೆಗಳನ್ನು ತರಿಸಿ ಹೋಲಿಸಿದಾಗ, ನಿಜವಾಗಿ ಮತಗಟ್ಟೆಗೆ ಹೋದವರ ಹೆಚ್ಚಳ ಶೇ 0.39 ಮಾತ್ರ. ಗುಂಡಿ ಹೇಳಿದ್ದಕ್ಕೂ ದಾಖಲೆ ಹೇಳಿದ್ದಕ್ಕೂ ಐದು ಪಟ್ಟು ಅಂತರ. ಆ ಪ್ರಯೋಗವನ್ನು ನಂಬಲರ್ಹವಾಗಿಸಿದ್ದು ಕೋಟಿಗಳ ಸಂಖ್ಯೆಯಲ್ಲ, ಈ ಹೋಲಿಕೆ. 2022ರಲ್ಲಿ ರಾಜ್ ಚೆಟ್ಟಿ ಮತ್ತವರ ತಂಡ 7 ಕೋಟಿಗೂ ಹೆಚ್ಚು ಫೇಸ್‌ಬುಕ್ ಬಳಕೆದಾರರ 2,100 ಕೋಟಿ ಗೆಳೆತನಗಳನ್ನು ಅಳೆದು, ಬಡವರಿಗೆ ಉಳ್ಳವರ ಗೆಳೆತನ ಇರುವ ಊರುಗಳಲ್ಲಿ ಬಡಮಕ್ಕಳು ಮುಂದೆ ಹೆಚ್ಚು ಗಳಿಸುತ್ತಾರೆ ಎಂದು ಕಂಡುಕೊಂಡದ್ದೂ ಹೀಗೆಯೇ. ಯಾರು ಎಷ್ಟು ಗಳಿಸಿದರು ಎಂಬ ಮಾಹಿತಿ ಬಂದದ್ದು ತೆರಿಗೆ ಮತ್ತು ಜನಗಣತಿಯ ಕಡತಗಳಿಂದ.

ಈ ಡೇಟಾ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನು ದಾಟಿ ಹೋಗುವಂತಿಲ್ಲ. 2006ರ ಆಗಸ್ಟ್‌ನಲ್ಲೇ ಎಒಎಲ್ ಕಂಪನಿ ಸುಮಾರು 6.5 ಲಕ್ಷ ಬಳಕೆದಾರರ 2 ಕೋಟಿ ಹುಡುಕಾಟಗಳನ್ನು, ಹೆಸರಿನ ಜಾಗದಲ್ಲಿ ಸಂಖ್ಯೆ ಹಾಕಿ, ಸಂಶೋಧಕರಿಗೆಂದು ಬಿಡುಗಡೆ ಮಾಡಿತ್ತು. ಕೆಲವೇ ದಿನಗಳಲ್ಲಿ ಪತ್ರಕರ್ತರು ಹುಡುಕಾಟಗಳನ್ನೇ ಜೋಡಿಸಿ ಒಬ್ಬ ವೃದ್ಧೆಯ ಮನೆಯವರೆಗೆ ಹೋದರು. 2014ರಲ್ಲಿ ಪ್ರಕಟವಾದ ಪ್ರಬಂಧವೊಂದರಿಂದ, ಫೇಸ್‌ಬುಕ್ 2012ರ ಜನವರಿಯಲ್ಲಿ ಒಂದು ವಾರ 6,89,003 ಜನರ ಪುಟಗಳಲ್ಲಿ ಸುಖದ ಮತ್ತು ದುಃಖದ ಪೋಸ್ಟ್‌ಗಳನ್ನು ಏರಿಳಿಸಿ ಅವರ ಮನಸ್ಸಿನ ಮೇಲಾಗುವ ಪರಿಣಾಮ ನೋಡಿತ್ತೆಂಬುದು ಹೊರಬಂತು. ಆ ಜನರಿಗೆ ಒಂದು ಮಾತನ್ನೂ ತಿಳಿಸಿರಲಿಲ್ಲ. ಪರಿಣಾಮ ತೀರಾ ಚಿಕ್ಕದು ಎಂಬುದು ಸಮಾಧಾನವಾಗಲಾರದು. 2018ರ ಮಾರ್ಚ್‌ನಲ್ಲಿ ಕೇಂಬ್ರಿಜ್ ಅನಲಿಟಿಕಾ ಹಗರಣ ಸಿಡಿಯಿತು. ಸುಮಾರು 2.7 ಲಕ್ಷ ಜನ ಒಂದು ಆ್ಯಪ್ ಹಾಕಿಕೊಂಡದ್ದರಿಂದ, ಅವರ ಗೆಳೆತನದ ದಾರಿಯಲ್ಲಿ 8.7 ಕೋಟಿ ಜನರ ಮಾಹಿತಿ ಸೋರಿಹೋಗಿತ್ತು. ಫೇಸ್‌ಬುಕ್ ಕೊಟ್ಟ ಲೆಕ್ಕದಂತೆ ಭಾರತದಲ್ಲಿ ಆ ಆ್ಯಪ್ ಹಾಕಿಕೊಂಡವರು 335 ಮಂದಿ, ಬಾಧಿತರಾಗಿರಬಹುದಾದವರು 5.6 ಲಕ್ಷ.

ಜನ ಸಿಟ್ಟಾದದ್ದು ನ್ಯಾಯವೇ. ಅದರ ನಂತರ ಕಂಪನಿಗಳು ಮುಚ್ಚಿದ್ದು ಮಾತ್ರ ಸಂಶೋಧಕರ ಬಾಗಿಲನ್ನು. ಜಾಹೀರಾತಿಗಾಗಿ ತಾವೇ ಮಾಹಿತಿ ಬಳಸುವುದನ್ನು ಬಿಡಲಿಲ್ಲ. ಹಗರಣದ ಬಳಿಕ ಫೇಸ್‌ಬುಕ್ ವಿಶ್ವವಿದ್ಯಾಲಯಗಳೊಡನೆ ಒಪ್ಪಂದ ಮಾಡಿಕೊಂಡು 2020ರಲ್ಲಿ ಒಂದು ಭಾರಿ ಡೇಟಾ ಸಂಗ್ರಹ ಕೊಟ್ಟಿತು. 2021ರಲ್ಲಿ ಇಟಲಿಯ ಉರ್ಬಿನೊ ವಿಶ್ವವಿದ್ಯಾಲಯದ ಫಾಬಿಯೊ ಜಿಲಿಯೆಟ್ಟೊ, ಅದೇ ಕಂಪನಿ ಸಾರ್ವಜನಿಕರಿಗೆಂದು ಪ್ರಕಟಿಸಿದ ಬೇರೊಂದು ವರದಿಯ ಅಂಕಿಗಳನ್ನು ಈ ಸಂಗ್ರಹದ ಅಂಕಿಗಳೊಂದಿಗೆ ತಾಳೆ ಹಾಕಿದರು. ಹೊಂದಲಿಲ್ಲ. ವಿಚಾರಿಸಿದಾಗ ಗೊತ್ತಾದದ್ದು, ಅಮೆರಿಕದ ಸುಮಾರು ಅರ್ಧದಷ್ಟು ಬಳಕೆದಾರರು, ಅದರಲ್ಲೂ ರಾಜಕೀಯ ಒಲವು ಸ್ಪಷ್ಟವಿಲ್ಲದವರು, ಆ ಸಂಗ್ರಹದಿಂದ ಬಿಟ್ಟುಹೋಗಿದ್ದರು. ಕಂಪನಿ ತಪ್ಪೊಪ್ಪಿಕೊಂಡಿತು. ರಾಜಕೀಯದ ಗೊಡವೆ ಇಲ್ಲದ ಅರ್ಧ ಜನರನ್ನು ಬಿಟ್ಟು ಒಂದು ದೇಶದ ರಾಜಕೀಯ ಮನಸ್ಸನ್ನು ಅಳೆಯಲು ಹೊರಟವರ ವರ್ಷಗಟ್ಟಲೆಯ ದುಡಿಮೆ ಏನಾಗಬೇಕು? ಸರ್ಕಾರದ ಸಮೀಕ್ಷೆಯಲ್ಲಿ ತಪ್ಪುಗಳೇ ಆಗುವುದಿಲ್ಲ ಎಂದಲ್ಲ. ಅಲ್ಲಿ ಮಾದರಿಯನ್ನು ಹೇಗೆ ಆರಿಸಿದರು, ಏನು ಕೇಳಿದರು ಎಂಬುದು ಅಚ್ಚಾಗಿರುತ್ತದೆ, ತಪ್ಪು ಹುಡುಕುವವರಿಗೆ ದಾರಿ ಇರುತ್ತದೆ. ಇಲ್ಲಿ ಒಬ್ಬ ಪ್ರಾಧ್ಯಾಪಕರ ಜಾಗರೂಕತೆ ಮತ್ತು ಅದೃಷ್ಟ ಎರಡೂ ಸೇರಬೇಕಾಯಿತು. 2021ರ ಜನವರಿಯಲ್ಲಿ ಸಂಶೋಧಕರಿಗೆ ತಿಂಗಳಿಗೆ ಒಂದು ಕೋಟಿ ಟ್ವೀಟ್‌ಗಳನ್ನು ಪುಕ್ಕಟೆಯಾಗಿ ಕೊಡಲು ಮುಂದಾದ ಟ್ವಿಟರ್, ಮಾಲೀಕರು ಬದಲಾದ ಮೇಲೆ, 2023ರಲ್ಲಿ ಆ ದಾರಿಯನ್ನು ಮುಚ್ಚಿತು. ಅದೇ ವರ್ಷ ರೆಡಿಟ್ ತನ್ನ ಡೇಟಾಕ್ಕೆ ಬೆಲೆ ಕಟ್ಟಿತು. ಫೇಸ್‌ಬುಕ್‌ನಲ್ಲಿ ಯಾವ ಸುದ್ದಿ ಹೇಗೆ ಹರಡುತ್ತಿದೆ ಎಂದು ಪತ್ರಕರ್ತರು ನೋಡುತ್ತಿದ್ದ ಕ್ರೌಡ್‌ಟ್ಯಾಂಗಲ್ 2024ರ ಆಗಸ್ಟ್ 14ರಂದು ನಿಂತಿತು.

ಭಾರತದ ಮಟ್ಟಿಗೆ ಈ ಯುಗದ ಕತೆ ಬೇರೆಯೇ ಆಗಿತ್ತು, ಏಕೆಂದರೆ ನಮ್ಮಲ್ಲಿ ಊರನ್ನೇ ಅಲುಗಾಡಿಸಿದ ಮಾತುಗಳು ತೆರೆದ ಜಾಲದಲ್ಲಿ ಇರಲೇ ಇಲ್ಲ. 2012ರ ಆಗಸ್ಟ್‌ನಲ್ಲಿ, ಅಸ್ಸಾಮಿನ ಕೊಕ್ರಝಾರ್ ಹಿಂಸಾಚಾರದ ಬೆನ್ನಿಗೆ, ಬೆಂಗಳೂರಿನಲ್ಲಿರುವ ಈಶಾನ್ಯ ರಾಜ್ಯದವರ ಮೇಲೆ ದಾಳಿಯಾಗಲಿದೆ ಎಂಬ ವದಂತಿ ಹಬ್ಬಿ, ಸಾವಿರಾರು ಜನ ಕೆಲಸ ಓದು ಎಲ್ಲ ಬಿಟ್ಟು ಸಿಟಿ ರೈಲ್ವೆ ನಿಲ್ದಾಣಕ್ಕೆ ಧಾವಿಸಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಕೇಂದ್ರ ಸರ್ಕಾರ ಸಗಟು ಎಸ್‌ಎಂಎಸ್‌ಗಳಿಗೆ 15 ದಿನ ಕಡಿವಾಣ ಹಾಕಿತು, ಜೊತೆಗೆ ವೆಬ್ ಪುಟಗಳನ್ನೂ ತಡೆಯಿತು. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯ ಪ್ರಣೇಶ್ ಪ್ರಕಾಶ್ ಆ ಆದೇಶಗಳನ್ನು ಪರಿಶೀಲಿಸಿ, ಆಗಸ್ಟ್ 18ರಿಂದ 21ರವರೆಗೆ ತಡೆಯಲಾದ 309 ಪುಟ, ಖಾತೆ, ಚಿತ್ರಗಳ ಪಟ್ಟಿಯನ್ನು ವಿಶ್ಲೇಷಿಸಿದರು. ವೆಬ್‌ನ ಕಡೆಯಿಂದ ನಮಗೆ ಸಿಕ್ಕುವ ಸಾಕ್ಷ್ಯ ಅದು. ಆದರೆ ಪೇಯಿಂಗ್ ಗೆಸ್ಟ್ ಕೋಣೆಯಲ್ಲಿದ್ದ ಹುಡುಗಿಯನ್ನು ರೈಲು ಹತ್ತಿಸಿದ್ದು ಮೊಬೈಲಿಗೆ ಬಂದ ಸಂದೇಶ ಮತ್ತು ಊರಿನಿಂದ ಅಮ್ಮ ಮಾಡಿದ ಫೋನು. ಅವು ಯಾವ ಸಂಗ್ರಹಕ್ಕೂ ಸೇರಲಿಲ್ಲ. ಆಮೇಲೆ ವಾಟ್ಸ್‌ಆ್ಯಪ್ ಬಂತು, 2016ರಿಂದ ಅದರ ಸಂದೇಶಗಳು ಕಳಿಸಿದವರಿಗೆ ಮತ್ತು ಪಡೆದವರಿಗೆ ಬಿಟ್ಟು ಮೂರನೆಯವರಿಗೆ ಕಾಣವು. 2018ರಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಬೀದರ್ ಜಿಲ್ಲೆಯಲ್ಲೂ, ಬೆಂಗಳೂರಿನ ಚಾಮರಾಜಪೇಟೆಯಲ್ಲೂ ಅಮಾಯಕರು ಬಲಿಯಾದಾಗ, ಆ ವದಂತಿ ಹರಿದ ದಾರಿಯನ್ನು ಹೊರಗಿನಿಂದ ಅಳೆಯುವ ಉಪಾಯ ಯಾರಲ್ಲೂ ಇರಲಿಲ್ಲ. ಕಿರಣ್ ಗರಿಮೆಲ್ಲ ಮತ್ತು ಡೀನ್ ಎಕಲ್ಸ್ 2019ರ ಲೋಕಸಭಾ ಚುನಾವಣೆಯ ಸುತ್ತಮುತ್ತ, ಯಾರು ಬೇಕಾದರೂ ಸೇರಬಹುದಾದ ರಾಜಕೀಯ ವಾಟ್ಸ್‌ಆ್ಯಪ್ ಗುಂಪುಗಳನ್ನು ಸೇರಿ, ಅಲ್ಲಿಯ ಚಿತ್ರಗಳನ್ನು ಆರಿಸಿ ಪರಿಶೀಲಿಸಿದಾಗ ಅವುಗಳಲ್ಲಿ ಶೇ 13 ಸುಳ್ಳು ಮಾಹಿತಿಯವು ಎಂದು ಕಂಡಿತು. ಬಹಳ ಶ್ರಮದ, ಬೆಲೆಯುಳ್ಳ ಕೆಲಸ. ಆದರೂ ಅದು ತೆರೆದ ಗುಂಪುಗಳ ಚಿತ್ರ. ಮನೆತನದ, ಬಡಾವಣೆಯ, ಜಾತಿಯ ಗುಂಪುಗಳ ಒಳಗೆ ಏನಿದೆ ಎಂಬುದನ್ನು ಅದು ಹೇಳಲಾರದು, ಹೇಳುತ್ತೇನೆ ಎಂದು ಆ ಲೇಖಕರು ಹೊರಟವರೂ ಅಲ್ಲ.

ನುಡಿಯದೂ ಒಂದು ತೊಡಕಿದೆ. ಸ್ಕಾಟ್ ಗೋಲ್ಡರ್ ಮತ್ತು ಮೈಕೆಲ್ ಮೇಸಿ 2011ರಲ್ಲಿ 84 ದೇಶಗಳ 24 ಲಕ್ಷ ಜನರ 50 ಕೋಟಿಗೂ ಹೆಚ್ಚು ಟ್ವೀಟ್‌ಗಳಿಂದ, ಮನುಷ್ಯರ ಉಲ್ಲಾಸ ಬೆಳಗ್ಗೆ ಏರಿ ದಿನ ಕಳೆದಂತೆ ಇಳಿಯುತ್ತದೆ ಎಂದು ತೋರಿಸಿದ್ದು ಸೊಗಸಾದ ಸಂಶೋಧನೆ. ಅವರು ಓದಿದ್ದು ಇಂಗ್ಲಿಷ್ ಟ್ವೀಟ್‌ಗಳನ್ನು ಮಾತ್ರ. ಕನ್ನಡಿಗರು ಯೂಟ್ಯೂಬ್ ಕೆಳಗೆ ಬರೆಯುವ ಮಾತು ಅರ್ಧ ಇಂಗ್ಲಿಷ್ ಬೆರೆತದ್ದು, ಎಷ್ಟೋ ಸಲ ರೋಮನ್ ಲಿಪಿಯದ್ದು. ಅದನ್ನು ಯಂತ್ರಕ್ಕೆ ಕಲಿಸಲು 2020ರಲ್ಲಿ ಸಂಶೋಧಕರು ಸಿದ್ಧಪಡಿಸಿದ ಸಂಗ್ರಹದಲ್ಲಿದ್ದ ಕಾಮೆಂಟ್‌ಗಳು ಎಂಟು ಸಾವಿರಕ್ಕೂ ಕಡಿಮೆ. ಇಷ್ಟನ್ನೂ ದಾಟಿದರೂ, ಜಾಲಕ್ಕೆ ಬಾರದವರ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಗಂಡಸರು ಶೇ 62.4, ಹೆಂಗಸರು ಶೇ 35. ಬೆಂಗಳೂರಿನಂಥ ನಗರವನ್ನು ಹೊಟ್ಟೆಯಲ್ಲಿಟ್ಟುಕೊಂಡ ರಾಜ್ಯದ ಅಂಕಿ ಇದು. ಇದು ಹಳೆಯ ಮಾತು, ಈಗ ಎಲ್ಲರ ಕೈಯಲ್ಲೂ ಸ್ಮಾರ್ಟ್‌ಫೋನ್ ಇದೆ ಎನ್ನಬಹುದು. ಬಳಕೆ ಹೆಚ್ಚಿದೆ, ನಿಜ. ಎಷ್ಟು ಹೆಚ್ಚಿದೆ, ಆ ಫೋನು ಮನೆಯಲ್ಲಿ ಯಾರ ಕೈಯಲ್ಲಿರುತ್ತದೆ ಎಂಬುದನ್ನು ತಿಳಿಯಬೇಕಾದರೆ ಮತ್ತೆ ಯಾರಾದರೂ ಆ ಮನೆಗೆ ಹೋಗಿ, ಆ ಹೆಣ್ಣುಮಗಳನ್ನೇ ಕೇಳಬೇಕು. ಜಾಲದಲ್ಲಿ ಇಲ್ಲದವರ ಸಂಖ್ಯೆಯನ್ನು ಜಾಲದಿಂದ ತೆಗೆಯಲಾಗುವುದಿಲ್ಲ.

ಸಮೀಕ್ಷೆಯೇ ಸಾಯುತ್ತಿದೆಯಲ್ಲ ಎಂಬುದು ಇನ್ನೊಂದು ಗಟ್ಟಿ ಆಕ್ಷೇಪ. ಅಮೆರಿಕದ ಪ್ಯೂ ಸಂಸ್ಥೆಯ ದೂರವಾಣಿ ಸಮೀಕ್ಷೆಗಳಿಗೆ ಉತ್ತರಿಸುವವರು 1997ರಲ್ಲಿ ಶೇ 36 ಇದ್ದದ್ದು 2018ಕ್ಕೆ ಶೇ 6ಕ್ಕೆ ಇಳಿಯಿತು. ಜನ ಬಾಗಿಲು ತೆಗೆಯದಿದ್ದರೆ ಎಂಥ ಗಣತಿ? ಆದರೆ ಈ ಕುಸಿತದಿಂದ ಜಾಲದ ಡೇಟಾಕ್ಕೆ ಬಲ ಬರುವುದಿಲ್ಲ, ಅದೂ ಜೊತೆಗೇ ಸೊರಗುತ್ತದೆ, ಏಕೆಂದರೆ ಅದನ್ನು ತೂಗಿ ನೋಡುವ ತಕ್ಕಡಿಯೇ ಹೋಗುತ್ತದೆ. ದಾರಿಗಳು ಇಲ್ಲದಿಲ್ಲ. ಸಮೀಕ್ಷೆಗೆ ಒಪ್ಪಿದವರನ್ನೇ ಕೇಳಿ, ಅವರ ಜಾಲತಾಣದ ಮಾಹಿತಿಯನ್ನು ಅವರ ಕೈಯಿಂದಲೇ ದಾನವಾಗಿ ಪಡೆಯುವ ಪದ್ಧತಿ ಯುರೋಪಿನಲ್ಲಿ ಬೆಳೆಯುತ್ತಿದೆ. ಅಲ್ಲಿ ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂಬುದು ಗೊತ್ತಿರುತ್ತದೆ, ಕೊಟ್ಟವರ ಒಪ್ಪಿಗೆಯೂ ಇರುತ್ತದೆ. 2022ರಲ್ಲಿ ಜಾರಿಗೆ ಬಂದ ಯುರೋಪಿನ ಡಿಜಿಟಲ್ ಸೇವೆಗಳ ಕಾಯಿದೆ, 4.5 ಕೋಟಿಗಿಂತ ಹೆಚ್ಚು ಬಳಕೆದಾರರಿರುವ ಕಂಪನಿಗಳಿಂದ ಅರ್ಹ ಸಂಶೋಧಕರು ಡೇಟಾ ಕೇಳಿ ಪಡೆಯಲು ಅವಕಾಶ ಕೊಟ್ಟಿದೆ. ನಮ್ಮ 2023ರ ವೈಯಕ್ತಿಕ ಡೇಟಾ ರಕ್ಷಣೆ ಕಾಯಿದೆ ಸಂಶೋಧನೆಗೆ ವಿನಾಯಿತಿ ಕೊಡುತ್ತದೆ, ಆದರೆ ಕಂಪನಿಗಳಿಂದ ಕೇಳಿ ಪಡೆಯುವ ಹಕ್ಕನ್ನು ಕೊಡುವುದಿಲ್ಲ. ಆ ಹಕ್ಕಿಗಾಗಿ ನಮ್ಮ ವಿಶ್ವವಿದ್ಯಾಲಯಗಳು ಗಟ್ಟಿ ದನಿಯಲ್ಲಿ ಒತ್ತಾಯಿಸಬೇಕಾದ ಹೊತ್ತು ಇದು.

ಅದಕ್ಕಿಂತ ಮೊದಲು ಆಗಬೇಕಾದದ್ದು ಗಣತಿ. 2011ರ ಜನಗಣತಿಯಲ್ಲಿ ಇಂಟರ್ನೆಟ್ ಸಂಪರ್ಕದ ಕಂಪ್ಯೂಟರ್ ಇದ್ದ ಮನೆಗಳು ಇಡೀ ದೇಶದಲ್ಲಿ ಶೇ 3.1. 2021ರ ಗಣತಿ ನಡೆಯಲಿಲ್ಲ. ಮುಂದಿನದು 2027ಕ್ಕೆ ನಿಗದಿಯಾಗಿದೆ. ಟ್ವಿಟರ್ ಮೆರೆದದ್ದು, ವಾಟ್ಸ್‌ಆ್ಯಪ್ ಹಳ್ಳಿಹಳ್ಳಿಗೆ ಇಳಿದದ್ದು, ಸಂಶೋಧಕರಿಗೆ ಬಾಗಿಲು ತೆರೆದದ್ದು, ಮತ್ತೆ ಮುಚ್ಚಿದ್ದು ಎಲ್ಲವೂ ಈ ಎರಡು ಗಣತಿಗಳ ನಡುವಿನ ಹದಿನಾರು ವರ್ಷಗಳಲ್ಲೇ ನಡೆದುಹೋಯಿತು. ಆ ಅವಧಿಯಲ್ಲಿ ಭಾರತೀಯರ ಪೋಸ್ಟ್‌ಗಳನ್ನು ಓದಿ ಬರೆದ ಪ್ರಬಂಧಗಳನ್ನು ಈಗ ಮತ್ತೆ ತೆಗೆದು, ಹೊಸ ಗಣತಿಯ ತಾಲ್ಲೂಕುವಾರು, ವಾರ್ಡುವಾರು ಅಂಕಿಗಳ ಪಕ್ಕ ಇಟ್ಟು, ಯಾರ ಮಾತು ಅವುಗಳಲ್ಲಿ ಸೇರಿತ್ತು, ಯಾರದು ಸೇರಿರಲಿಲ್ಲ ಎಂದು ನೋಡುವ ಕೆಲಸ ಬಾಕಿಯಿದೆ.